ನಾನು ಬರೆಯದ ಪುಟಗಳ ಮೇಲೆ ನನ್ನ ಹೆಸರು

ಮಾನ್ಯ ಯೋಜನಾ ನಿರ್ದೇಶಕರೇ,

ತಮ್ಮ ಕಚೇರಿಯ ಹೊಸ ಜಾಲತಾಣವನ್ನು ನಂಬುವುದಾದರೆ, ಕೊಳ್ಳೇಗಾಲದ ನಮ್ಮ ತರಬೇತಿ ಕೇಂದ್ರದ ಕನ್ನಡ ಕೈಪಿಡಿಗಳ ಪ್ರತಿಯೊಂದು ಪುಟವನ್ನೂ ಬರೆದವನು ನಾನು. ಇದು ಸುಳ್ಳು. ಅವುಗಳಲ್ಲಿ ಒಂದನ್ನೂ ನಾನು ಬರೆದಿಲ್ಲ. ಬರೆದವರು ಹನೂರು, ಯಳಂದೂರು, ಕೊಳ್ಳೇಗಾಲದ ಸುತ್ತಿನ ಹಳ್ಳಿಗಳ ಯುವಕ ಯುವತಿಯರು. ಅವರ ಹೆಸರುಗಳು ಈಗ ಉಳಿದಿರುವುದು ನಮ್ಮ ಕೇಂದ್ರದ ಹಳೆಯ ಸರ್ವರಿನಲ್ಲಿ ಮಾತ್ರ. ಅದನ್ನೂ ಈ ತಿಂಗಳ ಕೊನೆಗೆ ಅಳಿಸಿಹಾಕಲು ತಾವು ಆದೇಶ ಹೊರಡಿಸಿದ್ದೀರಿ. ಆ ಆದೇಶವನ್ನು ತಡೆಹಿಡಿಯಿರಿ ಎಂದು ಮೊದಲು ಕಚೇರಿಗೆ ಬಂದು ಕೇಳಿದೆ, ಆಮೇಲೆ ಬರೆದು ಕೇಳಿದೆ. ಬರೆದದ್ದಕ್ಕೆ ಉತ್ತರ ಬಾರದ್ದರಿಂದ ಈಗ ಎಲ್ಲರೆದುರು ಕೇಳುತ್ತಿದ್ದೇನೆ.

ಈ ಕೈಪಿಡಿಗಳು ಏನೆಂಬುದನ್ನು ತಮಗಲ್ಲದಿದ್ದರೂ ಓದುಗರಿಗೆ ಹೇಳಬೇಕು. ಕಾಡಿನ ಅಂಚಿನ ಜಮೀನುಗಳಿಗೆ ಸೋಲಾರ್ ಬೇಲಿ ಬಂತು, ಡೇರಿಗಳಿಗೆ ಹಾಲು ಪರೀಕ್ಷಿಸುವ ಯಂತ್ರ ಬಂತು. ಅವುಗಳ ಜೊತೆ ಬಂದ ಪುಸ್ತಕಗಳು ಮಾತ್ರ ಇಂಗ್ಲಿಷಿನಲ್ಲಿದ್ದವು. ಕೆಟ್ಟರೆ ಏನು ಮಾಡಬೇಕೆಂದು ಕನ್ನಡದಲ್ಲಿ ಬರೆಯೋಣವೆಂದು ನಾನು ಹೇಳಿದೆ; ಹುಡುಗರು ಬರೆದರು. ಹೇಳುವುದು ಸುಲಭ, ಮೂವತ್ತು ವರ್ಷ ಐಟಿಐನಲ್ಲಿ ಅದನ್ನೇ ಮಾಡಿದವನು ನಾನು. ಲೊಕ್ಕನಹಳ್ಳಿಯ ಮಾದೇಶ್ ಮಳೆಯಲ್ಲಿ ನೆನೆಯುತ್ತ ಬೇಲಿಯ ತಂತಿ ಪರೀಕ್ಷಿಸಿ ಬರೆದ. ಬಂಡಳ್ಳಿಯ ದಿವ್ಯ ಅವನು ಬರೆದದ್ದನ್ನು ತಿದ್ದಿದಳು, ಅವನಿಗಿಂತ ಹೆಚ್ಚು ತಾನೂ ಬರೆದಳು. ಗಡಿಯಾಚೆಯ ಸಂತೆಗೆ ಹೋಗಿಬರುವ ರೈತರಿಗೂ ತಿಳಿಯಲೆಂದು ಅಲ್ಲಲ್ಲಿ ತಮಿಳು ಮಾತನ್ನೂ ಸೇರಿಸಿದಳು. ಅವೆಲ್ಲವನ್ನೂ ನಮ್ಮ ಕೇಂದ್ರದ ಸರ್ವರಿನಲ್ಲೇ ಇಟ್ಟು, ಅಲ್ಲಿಂದಲೇ ಪ್ರಕಟಿಸುತ್ತಿದ್ದೆವು.

ಆಮೇಲೆ ತಮ್ಮ ಸುತ್ತೋಲೆ ಬಂತು: ಎಲ್ಲವೂ ಕ್ಲೌಡಿಗೆ ಹೋಗತಕ್ಕದ್ದು. ನಾನು ವಿರೋಧಿಸಲಿಲ್ಲ. ಕರೆಂಟು ಹೋದಾಗಲೆಲ್ಲ ಮಲಗುವ ಸರ್ವರಿಗೆ ಯಾರು ತಾನೇ ಅಂಟಿಕೊಂಡಾರು? ಸುತ್ತೋಲೆಯಲ್ಲಿ ಒಂದು ಸಾಲಿತ್ತು: ‘ಬಳಕೆದಾರರ ಇ-ಮೇಲ್ ವಿಳಾಸಗಳು ಸರಿಯಾಗಿವೆಯೆಂದು ಕೇಂದ್ರದ ಮಾರ್ಗದರ್ಶಕರು ದೃಢಪಡಿಸತಕ್ಕದ್ದು.’ ನಾನು ದೃಢಪಡಿಸಿದೆ. ಸಹಿಯನ್ನೂ ಹಾಕಿದೆ.

ನನ್ನ ತಪ್ಪು ಅಲ್ಲಿದೆ. ಖಾತೆ ತೆರೆಯುವಾಗ ಹಲವರ ಬಳಿ ಸ್ವಂತ ಫೋನಿರಲಿಲ್ಲ. ಒಬ್ಬಳದು ಅಣ್ಣನ ಫೋನು, ಇನ್ನೊಬ್ಬನದು ಸಿಮ್ ಬದಲಾದಾಗಲೆಲ್ಲ ಬದಲಾಗುವ ಮೇಲ್ ಐಡಿ. ಪಾಸ್‌ವರ್ಡ್ ಮರೆತರೆ ನಾನೇ ನೋಡಿಕೊಳ್ಳುತ್ತೇನೆಂದು ಎಲ್ಲರ ಖಾತೆಗೂ ನನ್ನ ಮೇಲ್ ವಿಳಾಸವನ್ನೇ ತುಂಬಿದೆ. ಮಕ್ಕಳ ಮೇಲಿನ ಪ್ರೀತಿಯಿಂದಲೇ ಮಾಡಿದೆ. ಪ್ರೀತಿಯಿಂದ ಮಾಡಿದ್ದರಿಂದಲೇ ಮತ್ತೊಮ್ಮೆ ಯೋಚಿಸಲಿಲ್ಲ. ಹಳೆಯ ತಂತ್ರಾಂಶ ಜನರನ್ನು ಹೆಸರಿನಿಂದ ಗುರುತಿಸುತ್ತಿತ್ತು, ಆದ್ದರಿಂದ ತೊಂದರೆಯಾಗಲಿಲ್ಲ. ಹೊಸದು ಮೇಲ್ ವಿಳಾಸದಿಂದ ಮಾತ್ರ ಗುರುತಿಸುತ್ತದೆ. ವಿಳಾಸ ಒಂದೇ ಆದ್ದರಿಂದ ಅಷ್ಟೂ ಜನರನ್ನು ಒಬ್ಬನೆಂದು ತಿಳಿಯಿತು. ಆ ಒಬ್ಬ ನಾನಾದೆ.

ತಮ್ಮ ಪಾಲೂ ಇದೆ, ನಿರ್ದೇಶಕರೇ. ಮೊದಲು ಕೆಲವು ಪುಟಗಳನ್ನು ಸಾಗಿಸಿ ನೋಡೋಣವೆಂದು ನಾನು ಕೇಳಿದ್ದೆ. ‘ಉದ್ಘಾಟನೆಯ ದಿನ ಗೊತ್ತಾಗಿಹೋಗಿದೆ’ ಎಂದು ತಮ್ಮ ತಾಂತ್ರಿಕ ಅಧಿಕಾರಿ ಹೇಳಿದರು. ದಿನ ಗೊತ್ತಾದ ಮೇಲೆ ಪರೀಕ್ಷೆಯ ಮಾತೇಕೆ! ಕೆಲಸ ಸರಿಯಾಗಿ ಆಗಲು ದಿನ ಬೇಕೋ, ದಿನ ಸರಿಯಾಗಿ ಆಗಲು ಕೆಲಸ ಬೇಕೋ ಎಂಬ ಪ್ರಶ್ನೆ ತಮ್ಮ ಕಚೇರಿಯಲ್ಲಿ ಎಂದೋ ಇತ್ಯರ್ಥವಾಗಿರಬೇಕು.

ಈಗ ಆ ತಾಣದಲ್ಲಿ ನನ್ನ ಸ್ಥಿತಿಯನ್ನು ದಯವಿಟ್ಟು ನೋಡಿ. ಬ್ಯಾಟರಿಯ ಪುಟದ ಕೆಳಗೆ ಹಿಂದೆ ದಿವ್ಯ ಬರೆದಿದ್ದಳು: ‘ಲೇ ಮಾದೇಶ, ಪ್ಯಾನೆಲ್ ವೈರ್ ಬಿಚ್ದೆ ಬ್ಯಾಟ್ರಿ ವೈರ್ ಬಿಚ್ಚು ಅಂತ ಬರ್ದಿದ್ದೀಯಲ್ಲ, ಕಂಟ್ರೋಲರ್ ಸುಟ್ಟೋದ್ರೆ ನಿಮ್ಮಪ್ಪ ಕೊಡ್ಸ್ತಾನಾ?’ ಅದಕ್ಕವನು: ‘ತಪ್ಪಾಯ್ತು ಕಣಮ್ಮಿ, ತಿದ್ದಿವ್ನಿ.’ ಇವೆರಡೂ ಈಗ ನನ್ನ ಹೆಸರಿನಲ್ಲಿವೆ. ನಿವೃತ್ತ ಬೋಧಕನೊಬ್ಬ ತನ್ನನ್ನೇ ‘ಲೇ ಮಾದೇಶ’ ಎಂದು ಕರೆದು, ತನ್ನಪ್ಪನನ್ನು ಎಳೆದು ತಂದು, ತನಗೇ ‘ಕಣಮ್ಮಿ’ ಎಂದು ಕ್ಷಮೆ ಕೇಳಿಕೊಂಡಿದ್ದಾನೆ. ತಮ್ಮ ಕಚೇರಿಯ ಪ್ರಕಾರ ಇದು ಯಶಸ್ವಿ ವರ್ಗಾವಣೆ.

ಇಲ್ಲಿಯವರೆಗಿನದನ್ನು ಅಜ್ಞಾನವೆನ್ನಬಹುದು. ಮುಂದಿನದನ್ನು ಹಾಗೆನ್ನಲಾರೆ. ಉದ್ಘಾಟನೆಯ ದಿನ ವೇದಿಕೆಗೆ ಕರೆದು, ಅತಿ ಹೆಚ್ಚು ಪುಟ ಬರೆದವರೆಂದು ನನಗೆ ತಾವು ಶಾಲು ಹೊದಿಸಿದಿರಿ. ಪರದೆಯ ಮೇಲೆ ಪುಟಗಳು ಸರಿಯುತ್ತಿದ್ದವು, ಎಲ್ಲದರ ತಲೆಯಲ್ಲೂ ನನ್ನ ಹೆಸರು. ಏನೋ ಎಡವಟ್ಟಾಗಿದೆಯೆಂದು ಆಗಲೇ ತಿಳಿಯಿತು. ಮೈಕು ನನ್ನ ಕೈಯಲ್ಲೇ ಇತ್ತು. ‘ಎಲ್ಲರ ಸಹಕಾರದಿಂದ’ ಎಂದು ಎರಡು ಮಾತಾಡಿ ಕೆಳಗಿಳಿದೆ. ಆ ಶಾಲು ಹೆಗಲ ಮೇಲೆ ಹಿತವಾಗಿತ್ತು, ನಿರ್ದೇಶಕರೇ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ದಿವ್ಯ. ಪರದೆಯ ಮೇಲಿನ ಹೆಸರೂ ಆ ಸನ್ಮಾನದ ಭಾಗವೆಂದು, ಕಲಿಸಿದ್ದಕ್ಕಾಗಿ ನನಗೆ ಗೌರವ ಸಂದಿತೆಂದು ಅವಳು ತಿಳಿದಿದ್ದಳು. ನಾಳೆ ಹೇಳೋಣ, ಸರಿಪಡಿಸಿದ ಮೇಲೆ ಹೇಳೋಣ ಎಂದುಕೊಂಡೇ ನಾನು ಸುಮ್ಮನಿದ್ದೆ.

ಆ ನಡುವೆಯೇ ತಮ್ಮ ಕಚೇರಿ ಕೈಪಿಡಿ ಬರಹಗಾರರ ಹುದ್ದೆಗೆ ಸಂದರ್ಶನ ಕರೆಯಿತು. ಪ್ರಕಟವಾದ ಬರಹವನ್ನು ತೋರಿಸಬೇಕೆಂಬುದು ಷರತ್ತು. ದಿವ್ಯಳಿಗೆ ಅದು ಮೊದಲ ಸಂಬಳದ ಕೆಲಸವಾಗುತ್ತಿತ್ತು. ಅದಕ್ಕೆ ಹೇಳಿ ಮಾಡಿಸಿದಂತಿದ್ದಳು. ಸಂದರ್ಶನ ಮುಗಿಸಿ ವಾಪಸು ಬಂದವಳು ಕೇಂದ್ರದ ಬಾಗಿಲಲ್ಲೇ ನಿಂತಳು.

“ತಾಣ ತಗ್ದು ತೋರ್ಸ್ದೆ ಸಾ. ‘ಇವೆಲ್ಲ ನಿಮ್ಮ ಮೇಷ್ಟ್ರು ಬರೆದದ್ದಲ್ವೇನಮ್ಮ?’ ಅಂದ್ರು. ನಾನೇ ಬರ್ದಿದ್ದು ಅಂದೆ. ಒಬ್ಬರ ಮುಖ ಒಬ್ಬರು ನೋಡ್ಕಂಡು ನಗಾಡುದ್ರು. ‘ಮೇಷ್ಟ್ರ ಹೆಸರು ಹೇಳ್ಕೊಂಡು ಬರೋರು ಬಹಳ ಜನ’ ಅಂದ್ರು.”

ಬ್ಯಾಟರಿ ಬಿಚ್ಚುತ್ತ ಕೂತಿದ್ದ ಮಾದೇಶ್ ತಲೆಯೆತ್ತದೆ ಹೇಳಿದ: “ಬುಡಿ ಸಾ, ನಾವು ಎರಡು ವರ್ಸ ಬರ್ದಿದ್ದ ನೀವು ಒಂದೇ ದಿನದಲ್ಲಿ ಬರ್ದಾಕ್ಬುಟ್ರಿ. ಶಾಲು ಕಮ್ಮಿ ಆಯ್ತು, ಪೇಟನೂ ಆಕ್ಬೇಕಿತ್ತು.”

“ಸುಮ್ನಿರ್ಲಾ,” ಎಂದಳು ದಿವ್ಯ. ಆಮೇಲೆ ನನ್ನತ್ತ ತಿರುಗಿದಳು. “ನಿಮ್ಗೆ ಮೊದ್ಲೇ ಗೊತ್ತಿತ್ತಾ ಸಾ?”

ಗೊತ್ತಿತ್ತು ಎಂದೆ. ಅವಳು ಬ್ಯಾಗು ತೆಗೆದುಕೊಂಡು ಬಂಡಳ್ಳಿಯ ಬಸ್ಸಿಗೆ ಹೋದಳು.

ಶಾಲನ್ನೂ ಪ್ರಶಂಸಾಪತ್ರವನ್ನೂ ಮರುದಿನವೇ ತಮ್ಮ ಕಚೇರಿಗೆ ಒಪ್ಪಿಸಿದ್ದೇನೆ. ಆಗ ತಾವು, ‘ವಿಷಯವೆಲ್ಲ ಸುರಕ್ಷಿತವಾಗಿದೆಯಲ್ಲ, ಹೆಸರಿನಿಂದ ಆಗಬೇಕಾದ್ದೇನು? ಎಲ್ಲಕ್ಕೂ ಸಂಪಾದಕ ಮಂಡಳಿ ಎಂದು ಹಾಕಿಸೋಣ’ ಎಂದಿರಿ. ಹೆಸರಿನಿಂದ ಏನೂ ಆಗಬೇಕಿಲ್ಲವಾದರೆ, ಉದ್ಘಾಟನೆಯ ಕಲ್ಲಿನ ಮೇಲೆ ತಮ್ಮ ಹೆಸರನ್ನು ಅಷ್ಟು ದಪ್ಪ ಅಕ್ಷರದಲ್ಲಿ ಕೆತ್ತಿಸಿದವರು ಯಾರು? ಸಂಪಾದಕ ಮಂಡಳಿಯನ್ನು ಸಂದರ್ಶನಕ್ಕೆ ಕರೆಯುತ್ತೀರಾ?

ಪ್ರತಿಯೊಬ್ಬರೂ ಈಗ ಸ್ವಂತ ಮೇಲ್ ಖಾತೆ ತೆರೆದಿದ್ದಾರೆ. ಹಳೆಯ ಸರ್ವರಿನಲ್ಲಿ ಆ ವಿಳಾಸಗಳನ್ನು ತುಂಬಿ ಮತ್ತೊಮ್ಮೆ ಸಾಗಿಸಿದರೆ ಯಾರ ಪುಟ ಅವರಿಗೆ ಸೇರುತ್ತದೆ. ಸಾಧ್ಯವೆಂದು ತಮ್ಮ ತಾಂತ್ರಿಕ ಅಧಿಕಾರಿಯೇ ಒಪ್ಪಿದ್ದಾರೆ. ಸರ್ವರ್ ಅಳಿಸಿದ ಮೇಲೆ ಸಾಧ್ಯವಿಲ್ಲ.

ಈ ಪತ್ರದ ಕರಡನ್ನು ದಿವ್ಯಳಿಗೆ ತೋರಿಸಿದೆ. ಪೂರ್ತಿ ಓದಿ ಹೇಳಿದಳು: “ನಿಮ್ ತಪ್ಪಿನ ವಿಚಾರನೇ ಜಾಸ್ತಿ ಆಯ್ತು ಸಾ. ನನ್ ಇಂಟರ್‌ವ್ಯೂ ವಿಚಾರ ಎರಡೇ ಸಾಲು ಅದೆ.”

ಅವಳ ಮಾತು ಸರಿ. ಆದ್ದರಿಂದ ಸಂದರ್ಶನದ ವಿಷಯವನ್ನು ಅವಳ ಮಾತಿನಲ್ಲೇ ಮೇಲೆ ಸೇರಿಸಿ, ಕ್ಷಮೆ ಕೋರಿ ಬರೆದಿದ್ದ ಕೊನೆಯ ಪುಟವನ್ನು ಹರಿದುಹಾಕಿ, ಕೊನೆಯಲ್ಲಿ ಬೇಡಿಕೆಯನ್ನಷ್ಟೇ ಉಳಿಸಿದ್ದೇನೆ. ಸರ್ವರ್ ಅಳಿಸುವುದನ್ನು ಇಂದೇ ನಿಲ್ಲಿಸಿ. ಹೆಸರುಗಳೊಂದಿಗೆ ಮತ್ತೆ ಸಾಗಿಸಿ. ಆ ಹುದ್ದೆಯನ್ನು ಅಲ್ಲಿಯವರೆಗೆ ತುಂಬಬೇಡಿ. ಬಂಡಳ್ಳಿಯ ದಿವ್ಯಳನ್ನು ಪುನಃ ಕರೆಯಿರಿ. ಅವಳು ಬರೆದ ಪುಟವನ್ನು ಎದುರಿಗಿಟ್ಟು ಅವಳನ್ನೇ ಪ್ರಶ್ನೆ ಕೇಳಿ. ನಾನು ಜೊತೆಗೆ ಬರುವುದಿಲ್ಲ.

ಇಂತಿ,
ತಮ್ಮ ತಾಣದ ಏಕೈಕ ಲೇಖಕ, ಒಂದಕ್ಷರವನ್ನೂ ಬರೆಯದ
ಶಿವರುದ್ರಸ್ವಾಮಿ
ಕೊಳ್ಳೇಗಾಲ