ಒಂದೇ ಪದಕ್ಕೆ ಮೂರು ಚೀಟಿ

ಮಾರ್ಚ್ ೧೨, ಬೆಳಿಗ್ಗೆ

ಪ್ರೀತಿಯ ಮಗಳೇ,

ನಾವಿಬ್ಬರೂ ಆರೋಗ್ಯ. ನೀನೂ ಅಳಿಯಂದಿರೂ ಹಾಗೇ ಇದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತದ್ದು ನನ್ನದೇ ತಪ್ಪು. "ನಿಘಂಟು ನಿಘಂಟು ಅಂತ ಮಗಳನ್ನೇ ಮರೀತೀರಿ" ಎಂದು ನಿಮ್ಮಮ್ಮ ದಿನಾ ಚುಚ್ಚುತ್ತಾಳೆ.

ನಿಘಂಟು 'ರ' ಅಕ್ಷರಕ್ಕೆ ಬಂದಿದೆ. ನಮ್ಮ ಕಚೇರಿಯ ಪದ್ಧತಿ ನಿನಗೆ ಗೊತ್ತೇ ಇದೆ: ಒಂದು ಪದಕ್ಕೆ ಒಂದು ಚೀಟಿ, ಅದರ ಮೇಲೆ ಪ್ರಧಾನ ಸಂಪಾದಕನ ಕೆಂಪು ರುಜು ಬೀಳದೆ ಅಚ್ಚಿಗೆ ಹೋಗುವಂತಿಲ್ಲ. ಇಪ್ಪತ್ತಾರು ವರ್ಷದಿಂದ ಆ ಕೆಂಪು ಪೆನ್ನು ನನ್ನ ಜೇಬು ಬಿಟ್ಟದ್ದಿಲ್ಲ. ಚಿಕ್ಕವಳಿದ್ದಾಗ ಅದರಿಂದ ಗೋಡೆ ಗೀಚಿ ನೀನು ಏಟು ತಿಂದಿದ್ದೆ.

ಸೋಮವಾರ ನನ್ನ ಸಹಾಯಕ ಸಂಪಾದಕಿ ಮೇಜಿನ ಮುಂದೆ ಬಂದು ನಿಂತಳು. ನಾಲ್ಕು ಮಾತಾಡಿ ನಿಲ್ಲಿಸಿಬಿಡುತ್ತಾಳೆಂದು ನೀನು 'ಪೂರ್ಣವಿರಾಮ' ಎಂದು ಹೆಸರಿಟ್ಟಿದ್ದೆಯಲ್ಲ, ಅವಳೇ.

"ಸರ್, ರಾಜೀನಾಮೆಗೆ ಮೂರು ಚೀಟಿ ಬಂದಿದೆ."

"ಮಾಡಿದ್ದನ್ನೇ ಮಾಡೋ ಮಹಾನುಭಾವರು ಯಾರದು?" ಎಂದು ರೇಗಿದೆ.

ಅವಳು ಮೂರನ್ನೂ ಮುಂದಿಟ್ಟಳು. ಮೂರೂ ನನ್ನ ಅಕ್ಷರ, ಮೂರರ ಮೇಲೂ ನನ್ನ ರುಜು, ತಾರೀಖು ಮಾತ್ರ ಬೇರೆ ಬೇರೆ. 'ರಾಜಿ' ಅರಬ್ಬಿಯಿಂದ, ಒಪ್ಪಿದ ಎಂದರ್ಥ. 'ನಾಮೆ' ಪಾರಸಿಯಿಂದ, ಪತ್ರ. ಹಿಂದೆ ಜಗಳ ಬಗೆಹರಿದ ಮೇಲೆ ಬರೆದುಕೊಡುತ್ತಿದ್ದ ಒಪ್ಪಿಗೆ ಪತ್ರ, ಆಮೇಲೆ ಜಮೀನನ್ನೋ ಹುದ್ದೆಯನ್ನೋ ಬಿಟ್ಟುಕೊಡುವ ಪತ್ರ. ಮೂರರಲ್ಲೂ ಒಂದಕ್ಷರ ಹೆಚ್ಚುಕಡಿಮೆಯಿಲ್ಲ. ಬರೆದ ನೆನಪು ಮಾತ್ರ ಒಂದರದ್ದೇ.

"ಇದೇ ಮೊದಲೇನಮ್ಮಾ?" ಎಂದೆ.

"ಇಲ್ಲ ಸರ್. ಒಂದು ವರ್ಷದಿಂದ ತೆಗೆದಿಡ್ತಾ ಇದ್ದೀನಿ. ಯಾರಿಗೂ ಹೇಳಿಲ್ಲ."

ಅವಳ ಡ್ರಾಯರಿನಲ್ಲಿ ಅಂಥವು ಒಂದು ಕಟ್ಟು ಇದ್ದವು. ಮೊದಲು ಸಿಟ್ಟು ಬಂತು, ಆಮೇಲೆ ಯೋಚನೆ ಹತ್ತಿತು. ಎರಡೆರಡು ಸಲ ಬರೆದದ್ದನ್ನು ಅವಳು ತೆಗೆದಿಟ್ಟಾಳು. ನಾನು ಬರೆಯದೆಯೇ ಬಿಟ್ಟ ಪದಗಳನ್ನು ಯಾರು ಹುಡುಕುತ್ತಾರೆ? ಅವತ್ತಿನಿಂದ ಊಟ ಸೇರುತ್ತಿಲ್ಲ ಮಗಳೇ.

ನಿನ್ನೆ ರಾಜೀನಾಮೆ ಬರೆದುಕೊಟ್ಟೆ. ಮೇಲಿನವರು ಅದನ್ನು ದೊಡ್ಡ ಪದತ್ಯಾಗವೆಂದು ಹೊಗಳಿದರು. "ತ್ಯಾಗ ಗೀಗ ಏನಿಲ್ಲ ಸ್ವಾಮಿ, ಒಪ್ಪಿಕೊಂಡಿದ್ದೀನಿ ಅಷ್ಟೇ" ಎಂದೆ. ಕೆಂಪು ಪೆನ್ನನ್ನು ಪೂರ್ಣವಿರಾಮದ ಕೈಗಿಟ್ಟರೆ, "ಬೇಡ ಸರ್" ಎಂದು ಅತ್ತುಬಿಟ್ಟಳು. ನಿಮ್ಮಮ್ಮನಿಗೆ, ವಯಸ್ಸಾಯಿತು, ಸಾಕು ಅನ್ನಿಸಿತು ಎಂದಷ್ಟೇ ಹೇಳಿದ್ದೇನೆ.

ನಿನ್ನ ಮನೆ ನಗುನಗುತ್ತಾ ಇರಲಿ. ಹಿಡಿದ ಕೆಲಸವೆಲ್ಲ ನಿನಗೆ ಕೈಗೂಡಲಿ.

ನಿನ್ನ ಅಪ್ಪ

ತಾ.ಕ.: ಯಾವಾಗಲೂ ನಿನ್ನ ಹೆಸರು ಹಿಡಿದೇ ಕಾಗದ ಶುರುಮಾಡುತ್ತಿದ್ದೆ. ಈ ಸಲ ಬರೀ 'ಮಗಳೇ' ಎಂದಿರುವುದನ್ನು ನೀನು ಗಮನಿಸಿರುತ್ತೀಯ. ಅರ್ಧ ಗಂಟೆ ಪೆನ್ನು ಹಿಡಿದು ಕೂತೆ, ಹೆಸರು ಬರಲಿಲ್ಲ. ನಿಮ್ಮಮ್ಮನನ್ನು ಕೇಳಲು ಭಯ. ನಿನ್ನ ಕಾಗದದ ಕೊನೆಯಲ್ಲಿ ಅದು ಇದ್ದೇ ಇದೆ, ಬಿಡಿಸಿ ನೋಡಿದರಾಯಿತು. ನೋಡಲಿಲ್ಲ. ಹುದ್ದೆ ಬಿಡಲು ಒಪ್ಪಿದವನಿಗೆ ಇದನ್ನು ಒಪ್ಪಲು ಆಗುತ್ತಿಲ್ಲ. ಲಕೋಟೆಯ ಮೇಲೆ ಮನೆ ನಂಬರು, ಬೀದಿ, ಊರು ಎಲ್ಲಾ ಬರೆದಾಗಿದೆ. ಮೊದಲ ಸಾಲು ಖಾಲಿ ಇದೆ.