ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು

ಅರ್ವಿಡಣ್ಣಾ,

ಸಂಜೆ ಐದು ಗಂಟೆ. ಡುಲೂತ್‌ನಲ್ಲಿ ಇವತ್ತು ಮೊಣಕಾಲುದ್ದ ಹಿಮ ಬಿತ್ತು. ಹಗ್ಗ ಎಷ್ಟು ಎಳೆದರೂ ನಿನ್ನ ಹಳೆಯ ಹಿಮ ತೆಗೆಯುವ ಯಂತ್ರ ಸ್ಟಾರ್ಟ್ ಆಗಲಿಲ್ಲ. ಪಕ್ಕದ ಮನೆಯ ರೈನೋ ಬಂದು ಟ್ಯಾಂಕು ಮೂಸಿದ.

"ಏನಕ್ಕಾ, ಹೋದ ವರ್ಷದ ಪೆಟ್ರೋಲು ಹಾಗೇ ಬಿಟ್ಟಿದ್ದೀಯಲ್ಲ! ಕಾರ್ಬುರೇಟರೆಲ್ಲ ಅಂಟು. ಅರ್ವಿಡ್ ಇದ್ದಿದ್ರೆ ಉಗಿದು ಉಪ್ಪಿನಕಾಯಿ ಹಾಕ್ತಿದ್ದ!"

"ಮರ್ತೇಹೋಯ್ತು ಕಣೋ," ಎಂದೆ.

ಮರೆತಿರಲಿಲ್ಲ. ಹಿಮ ಕರಗಿದ ಕೂಡಲೇ ಟ್ಯಾಂಕು ಖಾಲಿ ಮಾಡಬೇಕೆಂದು ನೀನು ಪ್ರತಿ ವರ್ಷ ಹೇಳುತ್ತಿದ್ದೆ. ಆದರೆ ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಅದನ್ನು ತುಂಬಿಸಿದವನು ನೀನೇ.

ರೈನೋ ಕಾರ್ಬುರೇಟರ್ ತೊಳೆದು, ಹೊಸ ಪೆಟ್ರೋಲು ಹಾಕಿದ. ಮೂರನೇ ಎಳೆತಕ್ಕೆ ಸ್ಟಾರ್ಟ್ ಆಯಿತು. ನಿನ್ನ ಹಾಗೆಯೇ ಮೊದಲು ಅವನ ಅಂಗಳದ ಹಿಮ ತೆಗೆದು, ಆಮೇಲೆ ನಮ್ಮದು ತೆಗೆದೆ. ಹಳೆಯ ಪೆಟ್ರೋಲು ಡಬ್ಬಿಯಲ್ಲಿ ಬಾಗಿಲ ಬಳಿ ಇದೆ. ಅಂಥ ಅಪಾಯಕಾರಿ ಕಸವನ್ನು ತೆಗೆದುಕೊಳ್ಳುವ ಕೇಂದ್ರ ನಾಳೆ ಒಂಬತ್ತಕ್ಕೆ ತೆರೆಯುತ್ತದೆ.