ಸೇತುವೆಯಾಚೆಯ ಏಣಿ

ಫೆಬ್ರವರಿ 8, ಶನಿವಾರ

ಅಗ್ನಿಶಾಮಕ ಠಾಣೆಗೆ ಬಂದೆ. ಕಾಫಿಗಿಟ್ಟೆ. ಲೈನ್ ಸರಿಯಿದೆಯೇ ಎಂದು ನೋಡಲು ಹೊಳೆಯ ಆಚೆ ದಡಕ್ಕೆ, ಅಮೆರಿಕದ ಠಾಣೆಗೆ, ವಾರದ ಟೆಸ್ಟ್ ಕಾಲ್ ಮಾಡಿದೆ. ಅವರ ಅಗ್ನಿಶಾಮಕ ದಳದ ಮುಖ್ಯಸ್ಥ ಡೆಲ್ಮರ್‌ನೇ ಎತ್ತಿದ.

“ಇನ್ನೂ ಬದುಕಿದ್ದೀಯೇನೇ ವೆರ್ನಾ?”

“ನಿನ್ನ ಬಾಯಿಗೆ ಬೆಂಕಿ ಬೀಳ.”

“ಬಿದ್ರೆ ಆರಿಸೋಕೂ ನಾನೇ ಬರ್ಬೇಕಲ್ಲ! ನೀವು ಕೆನಡಾದೋರು ಬೆಂಕಿಗೂ ಸಾರಿ ಕೇಳ್ಕೊಂಡು ನಿಂತಿರ್ತೀರ.”

“ನೀವು ಅಮೆರಿಕದೋರು ಒಂದು ಬಕೆಟ್ ನೀರು ಚೆಲ್ಲಿ, ಪ್ರಪಂಚಾನೇ ಉಳಿಸಿದ್ವಿ ಅಂತೀರ.”

ಇಪ್ಪತ್ತು ವರ್ಷದಿಂದ ಇದೇ ಜಗಳ. ಇದಿಲ್ಲದಿದ್ದರೆ ಶನಿವಾರ ಅನ್ನಿಸುವುದಿಲ್ಲ.

ನಮ್ಮ ಏಣಿ ಲಾರಿ ರಿಪೇರಿಗೆ ಹೋಗಿದೆ. ಮೇ ತಿಂಗಳಿಗೆ ಮುಂಚೆ ಬರುವುದಿಲ್ಲವಂತೆ. ಅಲ್ಲಿಯವರೆಗೆ ಎತ್ತರದ ಕಟ್ಟಡಕ್ಕೆ ಬೆಂಕಿ ಬಿದ್ದರೆ ಅವರ ಏಣಿಯೇ ಗತಿ. ನಾನು ಫೋನ್ ಮಾಡಬೇಕು, ಸೇತುವೆಯ ಗೇಟು ಏಳುತ್ತದೆ, ಅವರು ಬರುತ್ತಾರೆ. ಪಾಸ್‌ಪೋರ್ಟ್ ಗೀಸ್‌ಪೋರ್ಟ್ ಯಾರೂ ಕೇಳುವುದಿಲ್ಲ. ತಾತನ ಕಾಲದಿಂದ ಹೀಗೇ. ಆದರೆ ಕರೆ ಹೋಗದೆ ಒಂದು ಚಕ್ರವೂ ಗಡಿ ದಾಟುವ ಹಾಗಿಲ್ಲ.

ಊರಲ್ಲಿ ಎತ್ತರದ ಕಟ್ಟಡ ಇರುವುದೇ ಒಂದು. ವೃದ್ಧರ ಮನೆ, ಅದೂ ಮರದ್ದು. ಮೂರನೇ ಮಹಡಿಯಲ್ಲಿ ಅಮ್ಮ.

ಫೆಬ್ರವರಿ 15, ಶನಿವಾರ ಸಂಜೆ

ಎರಡೂ ದಳಗಳ ವರ್ಷದ ಐಸ್ ಹಾಕಿ ಪಂದ್ಯ. ಅವರ ರಾಷ್ಟ್ರಗೀತೆ ಶುರುವಾಯಿತು. ಹಿಂದಿನ ಸಾಲಿನಿಂದ ಯಾರೋ ಊಳಿಟ್ಟರು. ಆಮೇಲೆ ಇಡೀ ಸ್ಟೇಡಿಯಂ.

ನಾನೂ ಕೂಗಿದೆ. ಹೌದು, ಕೂಗಿದೆ. ಸುಂಕ ಹಾಕುತ್ತೇವೆ, ನಿಮ್ಮನ್ನು ನಮ್ಮದೊಂದು ರಾಜ್ಯ ಮಾಡಿಕೊಳ್ಳುತ್ತೇವೆ ಅಂತ ಅವರ ಅಧ್ಯಕ್ಷನಿಂದ ದಿನಾ ಟಿವಿಯಲ್ಲಿ ಹೇಳಿಸಿಕೊಂಡು ಹೊಟ್ಟೆ ಉರಿದುಹೋಗಿತ್ತು.

ಡೆಲ್ಮರ್ ಹೆಲ್ಮೆಟ್ ಎದೆಗೊತ್ತಿಕೊಂಡು ನಿಂತಿದ್ದ. ತಲೆ ಎತ್ತಿದ. ಅಷ್ಟು ಜನರ ನಡುವೆ ನೇರ ನನ್ನನ್ನೇ ನೋಡಿದ. ನನ್ನ ಬಾಯಿ ಇನ್ನೂ ತೆರೆದೇ ಇತ್ತು.

ಪಂದ್ಯ ಮುಗಿದ ಮೇಲೆ ಊಟಕ್ಕೆ ಅವರು ಒಬ್ಬರೂ ನಿಲ್ಲಲಿಲ್ಲ. ಹಂಡೆ ತುಂಬ ಮಾಡಿದ ಮೀನಿನ ಸೂಪು ಹಾಗೇ ಉಳಿಯಿತು.

ಫೆಬ್ರವರಿ 22, ಶನಿವಾರ

ಟೆಸ್ಟ್ ಕಾಲ್. ಯಾವನೋ ಹೊಸ ಹುಡುಗ ಎತ್ತಿದ. “ಕೇಳಿಸ್ತಿದೆ ಮೇಡಂ” ಅಂದ, ಇಟ್ಟ.

ಮೇಡಂ ಅಂತೆ.

ಮಾರ್ಚ್ 9, ಭಾನುವಾರ

ಅಮ್ಮನ ಹತ್ತಿರ ಹೋಗಿದ್ದೆ. ಅವಳು ಹುಟ್ಟಿದ್ದು ಆಚೆ ದಡದಲ್ಲಿ, ಅಮೆರಿಕದ ಮೇನ್ ರಾಜ್ಯದಲ್ಲಿ. ಮದುವೆಯಾಗಿ ಸೇತುವೆ ದಾಟಿ ಬಂದವಳು. ಕಿಟಕಿಯಿಂದ ತವರು ಕಾಣುತ್ತದೆ. ಅದಕ್ಕೇ ಆ ರೂಮೇ ಬೇಕೆಂದು ಹಟ ಹಿಡಿದಿದ್ದಳು.

ಬಿಸ್ಕತ್ತು ಕೊಟ್ಟೆ. ಪೊಟ್ಟಣ ತಿರುಗಿಸಿ ನೋಡಿದಳು.

“ಇದೂ ಕೆನಡಾದ್ದೇನೇ? ನನ್ನ ಬಿಸ್ಕತ್ತು ಎಲ್ಲಿ?”

“ಅಂಗಡೀಲಿ ನಿಮ್ಮ ಕಡೆ ಮಾಲು ತೆಗೆದುಬಿಟ್ಟಿದ್ದಾರಮ್ಮ.”

“ಬಿಸ್ಕತ್ತಿನ ಮೇಲೂ ದ್ವೇಷಾನಾ? ಚೆನ್ನಾಗಿದೆ!” ಕೆಮ್ಮಿದಳು. “ಹುಡುಗಿಯಾಗಿದ್ದಾಗ ನಾವು ನಿಮ್ಮನ್ನ ಪಾಪದೋರು ಅನ್ಕೊಂಡಿದ್ವಿ. ಬಂದ್ಮೇಲೆ ಗೊತ್ತಾಯ್ತು, ಪಾಪನೂ ಇಲ್ಲ ಏನೂ ಇಲ್ಲ, ಒಳಗೆಲ್ಲಾ ಜಂಭ. ನಾವಾದ್ರೆ ಬೈದು ಮುಗಿಸ್ತೀವಿ. ನೀವು ನಗ್ತಾ ನಗ್ತಾ ಒಳಗೇ ಇಟ್ಕೋತೀರ. ಬಾಯ್ಬಿಟ್ಟು ಒಂದು ಲೋಟ ನೀರು ಕೇಳಲ್ಲ.”

ಡೆಲ್ಮರ್ ವಿಷಯ ಹೇಳಲಿಲ್ಲ. ಬರುವಾಗ ಮೆಟ್ಟಿಲು ನೋಡಿದೆ. ಎಷ್ಟು ಕಿರಿದು. ಹೊಗೆ ತುಂಬಿದರೆ... ಬೇಡ, ಬರೆಯುವುದಿಲ್ಲ.

ಮಾರ್ಚ್ 29, ಶನಿವಾರ

ಟೆಸ್ಟ್ ಕಾಲ್ ಮಾಡಲಿಲ್ಲ. ಹೋದ ವಾರವೂ ಇಲ್ಲ. ಅವರೂ ಯಾಕೆಂದು ಕೇಳಲಿಲ್ಲ.

ಹೋಲಿಸ್ ಬೈದ. ನನ್ನ ಗಂಡ, ನೀರಿನ ಲಾರಿ ಓಡಿಸುವವನು. “ಒಂದು ಮಾತು ಸಾರಿ ಅಂದ್ರೆ ಮುಗೀತು ಕಣೇ. ದಾರೀಲಿ ಕಾಲು ತುಳಿದೋರಿಗೂ ನೀನೇ ಸಾರಿ ಅಂತೀಯ.”

ಅದು ಸುಲಭ. ಇದು ಗಂಟಲಿಗೇ ಬರುತ್ತಿಲ್ಲ. ಕೂಗಿದ್ದು ಅವನ ಮೇಲಲ್ಲ ಎಂದು ಹೇಗೆ ಹೇಳಲಿ? ಅವನ ಮುಖ ನೋಡಿಕೊಂಡೇ ಕೂಗಿದ್ದೆನಲ್ಲ.

ರಾತ್ರಿ ಸರಿಯಾಗಿ ನಿದ್ದೆಯಿಲ್ಲ. ಗಾಳಿಗೆ ಬಾಗಿಲು ಬಡಿದರೂ ಎದ್ದು ಕಿಟಕಿಗೆ ಹೋಗಿ ಹೊಗೆ ಹುಡುಕುತ್ತೇನೆ.

ಏಪ್ರಿಲ್ 4, ಶುಕ್ರವಾರ. ಆಸ್ಪತ್ರೆ

ಇದನ್ನು ಬರೆಯಬೇಕು.

ನಿನ್ನೆ ಮಧ್ಯಾಹ್ನ ವೃದ್ಧರ ಮನೆಗೆ ಬೆಂಕಿ. ಅಡುಗೆಮನೆಯಿಂದ ಶುರುವಾಗಿ ಮೆಟ್ಟಿಲಿಗೆ ಹತ್ತಿತು. ಹೋಲಿಸ್ ಲಾರಿ ತೆಗೆದುಕೊಂಡು ಓಡಿದ. ನನ್ನ ಕೈ ಫೋನ್ ಮೇಲೆ.

ಮೊದಲ ಕರೆ ಆಚೆ ದಡಕ್ಕೆ ಹೋಗಬೇಕು. ನಿಯಮ ಅದು. ನಂಬರ್ ಒತ್ತಲಿಲ್ಲ. ಅವನು ಎತ್ತದಿದ್ದರೆ? ಎತ್ತಿ, ನಿಮ್ಮ ಬೆಂಕಿ ನೀವೇ ನೋಡಿಕೊಳ್ಳಿ ಅಂದರೆ? ಯಾವ ಮುಖ ಇಟ್ಟುಕೊಂಡು ಕೇಳಲಿ? ಒಳನಾಡಿನಲ್ಲಿರುವ ಕೆನಡಾದ್ದೇ ಇನ್ನೊಂದು ಊರಿಗೆ ಫೋನ್ ಮಾಡಿದೆ. ಏಣಿ ಕಳಿಸುತ್ತೇವೆ, ಆದರೆ ಗಂಟೆಯ ಮೇಲಾಗುತ್ತದೆ ಅಂದರು. ಅಮ್ಮ ಮೂರನೇ ಮಹಡಿಯಲ್ಲಿದ್ದಳು. ನಾನು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟೆ.

ಎದ್ದು ಕಿಟಕಿಗೆ ಬಂದೆ. ಸೇತುವೆ ಕಾಣುತ್ತದೆ. ಸೇತುವೆಯ ನಟ್ಟನಡುವೆ ಕೆಂಪು ದೀಪ ತಿರುಗುತ್ತಿತ್ತು. ಅವರ ಏಣಿ ಲಾರಿ, ಹೊಗೆ ನೋಡಿಯೇ ಹೊರಟಿರಬೇಕು. ನಿಂತಿತ್ತು. ಗಡಿಯವರು ತಡೆದರು, ಮುಗಿಯಿತು ಅಂದುಕೊಂಡೆ. ಆಗ ರೇಡಿಯೊ ಕಿರುಚಿತು. ಹೋಲಿಸ್.

“ವೆರ್ನಾ! ಅವ್ರು ಗಡಿ ಗೆರೆ ಹತ್ರ ನಿಂತಿದ್ದಾರೆ! ಕರೆ ಇಲ್ಲದೆ ಗೇಟ್ ಎತ್ತಲ್ವಂತೆ! ನೀನಿನ್ನೂ ಕರ್ದಿಲ್ವಾ?”

ಕರೆದೆ. ಪೂರ್ತಿ ರಿಂಗ್ ಕೂಡ ಆಗಲಿಲ್ಲ.

“ಹೇಳೇ,” ಅಂದ ಡೆಲ್ಮರ್. “ಬಾ ಅನ್ನು. ಬೇಗ ಅನ್ನು!”

“ಬಾ,” ಅಂದೆ.

ಅಮ್ಮನನ್ನು ಅವನೇ ಹೆಗಲ ಮೇಲೆ ಹೊತ್ತು ಇಳಿಸಿದ. ಪಕ್ಕದ ರೂಮಿನ ಐಡೆಲ್ಲಾ ಅಜ್ಜಿಗೆ ಏಣಿ ತಾಕುವಷ್ಟರಲ್ಲಿ ತಡವಾಗಿತ್ತು.

ಮಸಿ ಹಿಡಿದ ಮುಖದಲ್ಲಿ ಬಂದು ನಿಂತ. “ನೀನು ಕೂಗಿದ್ದಕ್ಕೆ ಬೇಜಾರಲ್ಲ ಕಣೇ ವೆರ್ನಾ. ಅದನ್ನ ಅವತ್ತೇ ಮರೆತೆ. ಬರಲ್ಲ ಅನ್ಕೊಂಡ್ಯಲ್ಲ, ಅದಕ್ಕೆ. ನಾನು ಬರದೇ ಇರ್ತೀನಾ?”

ಸಾರಿ ಅನ್ನಬೇಕಿತ್ತು. ಅವನು ಆಗಲೇ ಲಾರಿ ಹತ್ತಿದ್ದ.

ಏಪ್ರಿಲ್ 10, ಗುರುವಾರ

ಐಡೆಲ್ಲಾ ಅಜ್ಜಿಯ ಮಣ್ಣು. ಆಚೆ ದಡದವರೂ ಬಂದಿದ್ದರು, ಸಮವಸ್ತ್ರದಲ್ಲಿ. ಕೊನೆಯ ಸಾಲಿನಲ್ಲಿ ನಿಂತು, ಮುಗಿದೊಡನೆ ಹೊರಟರು. ಅಮ್ಮನಿಗೆ ಇನ್ನೂ ಆಮ್ಲಜನಕ ಹಾಕಿದ್ದಾರೆ. “ನಮ್ಮೋರು ಬೇಗ ಬಂದ್ರಾ?” ಅಂತ ಕೇಳಿದಳು. ಹೂಂ ಅಂದೆ.

ಏಪ್ರಿಲ್ 12, ಶನಿವಾರ

ಇವತ್ತು ಟೆಸ್ಟ್ ಕಾಲ್ ಮಾಡಲೇಬೇಕು. ಮೊದಲು ಸಾರಿ, ಆಮೇಲೆ ಜಗಳ. ಹೇಳುವುದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದಿದ್ದೇನೆ. ಕಾಫಿ ಕುಡಿದು ಮಾಡುತ್ತೇನೆ.

ಅದೇ ದಿನ, 9.40

ಆಚೆ ದಡದಲ್ಲಿ ಹೊಗೆ. ಬಿಳಿಯದಲ್ಲ, ಕಪ್ಪು ಹೊಗೆ. ಮರದ ಮಿಲ್ಲಿನ ಕಡೆಯಿಂದ. ಅವರ ಒಂದು ದಳಕ್ಕೆ ಆರುವ ಬೆಂಕಿಯಲ್ಲ ಅದು.

ಹೋಲಿಸ್ ಲಾರಿಯನ್ನು ಸೇತುವೆಗೆ ಒಯ್ದಿದ್ದಾನೆ. ಗೆರೆ ಹತ್ತಿರ ನಿಂತಿದ್ದಾನೆ. ರೇಡಿಯೊದಲ್ಲಿ ಅವನದು ಒಂದೇ ಮಾತು — “ಅವ್ರು ಕರೆದ್ರಾ? ಕರೆದ್ರಾ?”

ನಾನೇ ಮಾಡಿದೆ. ಅವರ ಲೈನ್ ಎಂಗೇಜ್. ಮತ್ತೆ ಮಾಡಿದೆ. ಎಂಗೇಜ್. ಡೆಲ್ಮರ್ ಬೇರೆ ಯಾರನ್ನೋ ಕರೆಯುತ್ತಿರಬೇಕು. ಅವರದೇ ದೂರದ ಊರನ್ನು. ನಾನು ಮಾಡಿದ ಹಾಗೆಯೇ.

ಡೆಲ್ಮರ್, ಕರಿಯೋ ಮಾರಾಯ. ನಾವು ಬರಲ್ಲ ಅನ್ಕೊಂಡ್ಯಾ?

ಹೊಗೆ ಹೊಳೆಯ ಮೇಲೆ ಬಂತು. ಸೇತುವೆ ಕಾಣುತ್ತಿಲ್ಲ. ರಿಸೀವರನ್ನು ಫೋನಿನ ಮೇಲಿಟ್ಟು ಕಾಯುತ್ತಿದ್ದೇನೆ, ಅವನು ಕರೆದರೆ ನನ್ನ ಲೈನ್ ಖಾಲಿ ಇರಬೇಕಲ್ಲ. ಫೋನ್—